ಉಪ್ಪಾರಹಳ್ಳಿಯಿಂದ ಮಿದುಳಿನ ಮನೆಗೆ

ತುಮಕೂರಿನ ರೈಲುನಿಲ್ದಾಣಕ್ಕೆ ಅನತಿದೂರದಲ್ಲಿರುವ ನಮ್ಮ ಉಪ್ಪಾರಹಳ್ಳಿಯು ಯಾವ ಸ್ಥಳಪುರಾಣದಲ್ಲಿಯೂ ಕೀರ್ತಿತವಾದುದಲ್ಲ. ಯಾತ್ರಿಕರು ಸಿದ್ಧಗಂಗೆಗೆ ಹೋಗುವರು. ವಿನೋದಾರ್ಥಿಗಳು ದೇವರಾಯನದುರ್ಗಕ್ಕೆ ಹೋಗಿ ನಾಮದ ಚಿಲುಮೆಯ ನೀರನ್ನು ಕುಡಿದು ಬರುವರು. ಉಪ್ಪಾರಹಳ್ಳಿಯನ್ನು ನೋಡಬೇಕೆಂದು ಬರುವವರು ಯಾರೂ ಇಲ್ಲ. ಒಂದು ಕಾಲಕ್ಕೆ ಪ್ರತ್ಯೇಕ ಹಳ್ಳಿಯಾಗಿದ್ದ ಈ ಊರು ಈಗ ನಗರದ ಬಡಾವಣೆಗಳಲ್ಲಿ ಒಂದಾಗಿ ಬೆರೆತುಹೋಗಿದೆ. ಹಳಿಯ ಮೇಲೆ ಗಾಡಿ ಹೋದಾಗ ಅಟ್ಟದ ಮೇಲಣ ಪಾತ್ರೆಗಳು ಸಣ್ಣಗೆ ಸದ್ದುಮಾಡುವುದೇ ನಮ್ಮ ಮನೆಯ ಗಡಿಯಾರ. ಚೌಳುಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಉಪ್ಪನ್ನು ತೆಗೆಯುವುದು ಪೂರ್ವದಲ್ಲಿ ಉಪ್ಪಾರರ ಕುಲವೃತ್ತಿಯಾಗಿದ್ದಿತು. ಆ ವೃತ್ತಿ ಅಳಿದ ಮೇಲೆ ಅವರು ಮನೆ ಕಟ್ಟುವ, ಮಣ್ಣು ಕೆಲಸ ಮಾಡುವ ಕಡೆಗೆ ತಿರುಗಿದರು. ಊರಿನ ಹೆಸರಿನಲ್ಲಿ ಮಾತ್ರ ಉಪ್ಪು ಉಳಿದುಕೊಂಡಿದೆ. ಆ ಉಪ್ಪಿನ ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆ ಅದರಿಂದ ಪ್ರಯೋಜನವುಂಟು.

ನನ್ನ ಅಣ್ಣನಿಗೆ ಈಗ ಎಪ್ಪತ್ತೆರಡು ವರ್ಷ. ನನ್ನಂತೆಯೇ ಅವನೂ ಸಂಸ್ಕೃತವನ್ನು ಓದಿದವನು. ನನಗಿಂತ ಚೆನ್ನಾಗಿ ಓದಿದವನು. ಎರಡು ವರ್ಷಗಳ ಹಿಂದೆ ಒಂದು ಬೆಳಗ್ಗೆ ಅವನ ಕೈಯಿಂದ ಕಾಫಿಯ ಲೋಟ ಜಾರಿ ಬಿದ್ದಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ನಿಂತಿತು. ಪ್ರಾಣ ಉಳಿಯಿತು, ಕಾಲು ಕ್ರಮೇಣ ನಡೆಯಿತು. ಆದರೆ ಮಾತು ಹಿಂದಿರುಗಲಿಲ್ಲ. ನೀರು ಬೇಕಾದರೂ "ಅದು, ಅದು" ಎನ್ನುವನು. ಹೆಂಡತಿಯನ್ನು ಕರೆಯಬೇಕಾದರೂ "ಅದು" ಎನ್ನುವನು. ನಾವು ಆಡಿದುದೆಲ್ಲವೂ ಅವನಿಗೆ ತಿಳಿಯುತ್ತದೆ. ತಾನು ಆಡಲಾರೆನೆಂಬುದೂ ತಿಳಿಯುತ್ತದೆ. ಅದರಿಂದಲೇ ಕಣ್ಣಿನಲ್ಲಿ ನೀರು.

ಆಶ್ಚರ್ಯವೇನೆಂದರೆ, ಸ್ನಾನಮಾಡಿ ದೇವರ ಮುಂದೆ ಕುಳಿತಾಗ, ಅತ್ತಿಗೆಯವರು ಸ್ತೋತ್ರದ ಮೊದಲ ಪದವನ್ನು ರಾಗವಾಗಿ ಎತ್ತಿಕೊಟ್ಟರೆ ಸಾಕು, ಅಣ್ಣನು ಆದ್ಯಂತವಾಗಿ, ಒಂದಕ್ಷರ ತಪ್ಪದೆ, ಹಿಂದಿನ ಕಂಠದಿಂದಲೇ ಹೇಳಿ ಮುಗಿಸುವನು. ಮುಗಿದ ಮರುಕ್ಷಣವೇ "ಅದು, ಅದು." ನಾವೆಲ್ಲರೂ ಇದನ್ನು ದೈವಕೃಪೆಯೆಂದು ಕೈಮುಗಿದು ಸುಮ್ಮನಾದೆವು. ಸುಮ್ಮನಾಗದೆ ಇದ್ದವಳು ಅವನ ಮೊಮ್ಮಗಳು. "ಮಾತು ಹೋಗಿದ್ದರೆ ಸ್ತೋತ್ರ ಹೇಗೆ ಉಳಿಯಿತು, ಚಿಕ್ಕತಾತ? ಎರಡೂ ಒಂದೇ ನಾಲಗೆಯಿಂದ ಅಲ್ಲವೇ ಬರುವುದು?" ಎಂದು ನನ್ನನ್ನು ಕೇಳಿದಳು. ನಲವತ್ತು ವರ್ಷ ವಿದ್ಯಾಭ್ಯಾಸದ ಹೆಸರಿನಲ್ಲಿ ಸಂಬಳ ತೆಗೆದುಕೊಂಡವನ ಬಳಿ ಉತ್ತರವಿರಲಿಲ್ಲ.

ಆ ಪ್ರಶ್ನೆ ಹುಡುಗಿಯನ್ನು ಬಿಡಲಿಲ್ಲ. ಎರಡನೆಯ ಪಿ.ಯು.ಸಿ. ತರಗತಿಗೆ ಬಂದವಳು, ತಾನು ವೈದ್ಯವನ್ನೂ ಓದುವುದಿಲ್ಲ, ಇಂಜಿನಿಯರಿಂಗನ್ನೂ ಓದುವುದಿಲ್ಲ, ನರವಿಜ್ಞಾನವನ್ನು ಓದುವೆನೆಂದು ಹಟ ಹಿಡಿದಳು. ಅವಳ ತಂದೆ ಒಳ್ಳೆಯವನೇ. ಆದರೆ ಸಾಲ ತೆಗೆದು ಮನೆ ಕಟ್ಟಿದವನು. "ಚಿಕ್ಕಪ್ಪ, ಆ ಓದು ಓದಿ ಎಲ್ಲಿ ಕೆಲಸ ಮಾಡುವುದು? ಡಾಕ್ಟರೂ ಅಲ್ಲ, ಮೇಷ್ಟರೂ ಅಲ್ಲ. ನೀವೇ ಒಂದು ಸಲ ಹೋಗಿ ನೋಡಿ ಬನ್ನಿ. ನೀವು ಏನು ಹೇಳುವಿರೋ ಹಾಗಾಗಲಿ" ಎಂದು ಭಾರವನ್ನು ನನ್ನ ತಲೆಯ ಮೇಲೆ ಹಾಕಿದನು. ಹೀಗಾಗಿ ಒಂದು ಶನಿವಾರ ಮುಂಜಾನೆ, ಬುತ್ತಿಯ ಚಿತ್ರಾನ್ನವನ್ನು ಕಟ್ಟಿಕೊಂಡು, ನಾವಿಬ್ಬರೂ ಬೆಂಗಳೂರಿನ ಗಾಡಿಯನ್ನು ಹತ್ತಿದೆವು.

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರು. ಕ್ಯಾತಸಂದ್ರ ಕಳೆದು ನಿಡವಂದ ಬರುವಷ್ಟರಲ್ಲಿ ಬಿಸಿಲೇರಿ, ಶಿವಗಂಗೆಯ ಬೆಟ್ಟವು ಮಲಗಿದ ಬಸವನಂತೆ ಕಾಣಿಸಿಕೊಂಡಿತು. ಗಾಡಿಯ ತುಂಬ ಕೆಲಸಕ್ಕೆ ಹೋಗುವವರು. ಅರ್ಧದಷ್ಟು ಮಂದಿ ನಿದ್ರೆಯಲ್ಲಿ, ಉಳಿದರ್ಧ ಮಂದಿ ಮೊಬೈಲಿನಲ್ಲಿ. ನಮ್ಮಿಬ್ಬರಿಗೆ ವಾದವೇ ಪ್ರಯಾಣದ ಆಹಾರವಾಯಿತು. ಹೃದಯವೇ ಚೇತನದ ಸ್ಥಾನವೆಂಬುದು ಸುಶ್ರುತನ ಮತವೆಂದು ನಾನು ಹೇಳಿದೆನು. ಚರಕಸಂಹಿತೆಯಲ್ಲಿಯೋ ಪ್ರಾಣಗಳಿಗೂ ಇಂದ್ರಿಯಗಳಿಗೂ ಆಶ್ರಯವೆಂದು ಶಿರಸ್ಸಿಗೆ ಉತ್ತಮಾಂಗವೆಂಬ ಗೌರವವುಂಟು. ಭೇಲಸಂಹಿತೆಯು ಇನ್ನೂ ಮುಂದೆ ಹೋಗಿ, ಮನಸ್ಸು ತಲೆಗೂ ಅಂಗುಳಿಗೂ ನಡುವೆ ಇರುವುದೆನ್ನುತ್ತದೆ. ಯವನರಲ್ಲಿಯೂ ಹೀಗೆಯೇ ಎರಡು ಪಕ್ಷ: ಅರಿಸ್ಟಾಟಲನದು ಹೃದಯಪಕ್ಷ, ಹಿಪ್ಪಾಕ್ರಟೀಸನ ಪರಂಪರೆಯವರದು ಮಿದುಳಿನ ಪಕ್ಷ. "ಅವರೆಲ್ಲ ಯೋಚಿಸಿ ಹೇಳಿದರು, ಚಿಕ್ಕತಾತ. ಯಾರ ಮಾತು ನಿಜವೆಂದು ತಿಳಿಯಬೇಕಾದರೆ ತೆರೆದು ನೋಡಬೇಕಲ್ಲ?" ಎಂದಳು. ಪ್ರತ್ಯಕ್ಷವನ್ನು ಮೊದಲನೆಯ ಪ್ರಮಾಣವೆಂದು ಪಾಠ ಹೇಳಿದವನು ನಾನು, ಒಪ್ಪದೆ ಗತ್ಯಂತರವಿರಲಿಲ್ಲ.

ಯಶವಂತಪುರದಲ್ಲಿ ಇಳಿದು, ಮೆಟ್ರೋ ಹಿಡಿದು, ಲಾಲ್‌ಬಾಗಿನ ಬಳಿ ಇಳಿದು, ಅಲ್ಲಿಂದ ಆಟೋದಲ್ಲಿ ನಿಮ್ಹಾನ್ಸ್ ಎಂದು ಎಲ್ಲರೂ ಕರೆಯುವ ಸಂಸ್ಥೆಯನ್ನು ಸೇರಿದೆವು. ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯಾಗಿದ್ದ ಸ್ಥಳವಿದು. 1954ರಲ್ಲಿ ಆಸ್ಪತ್ರೆಯ ಜೊತೆಯಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು, ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. 1974ರಲ್ಲಿ ಎರಡೂ ಒಂದುಗೂಡಿ ಈಗಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಯಿತು. ನಾನು ಚಿಕ್ಕವನಾಗಿದ್ದಾಗ ಈ ಸ್ಥಳದ ಹೆಸರು ಬೈಗುಳವಾಗಿ ಬಳಕೆಯಲ್ಲಿದ್ದಿತು. ಈಗ ಅಂಗಳದ ತುಂಬ ರಾಜ್ಯದ ಎಲ್ಲ ಜಿಲ್ಲೆಗಳ ಜನ. ಮರದ ನೆರಳಿನಲ್ಲಿ ಚಾಪೆ ಹಾಸಿ, ಚೀಟಿ ಹಿಡಿದು, ಸರದಿಗಾಗಿ ಕಾಯುತ್ತಿರುವವರು. ಆ ಮುಖಗಳನ್ನು ನೋಡಿದವರು ಆ ಹೆಸರನ್ನು ಇನ್ನೆಂದಿಗೂ ಬೈಗುಳವಾಗಿ ಬಳಸಲಾರರು.

ಇಲ್ಲಿ ಮಿದುಳಿನ ವಸ್ತುಸಂಗ್ರಹಾಲಯವೊಂದುಂಟು. ವಾರದ ಗೊತ್ತಾದ ದಿನಗಳಲ್ಲಿ ಸಾರ್ವಜನಿಕರೂ ನೋಡಬಹುದು. ಮೃತರ ಬಂಧುಗಳ ಒಪ್ಪಿಗೆಯಿಂದ ಪಡೆದ ಮಿದುಳುಗಳನ್ನು ಸಂರಕ್ಷಕದ್ರವದಲ್ಲಿ ಅದ್ದಿ, ಸಾಲುಸಾಲಾಗಿ ಇರಿಸಿದ್ದಾರೆ. ರಕ್ತನಾಳ ಒಡೆದುದು, ಗಡ್ಡೆ ಬೆಳೆದುದು, ಕ್ಷಯವು ಹಿಡಿದುದು, ಮುಪ್ಪಿನ ಮರೆವಿನಿಂದ ಅಕ್ರೋಟಿನ ತಿರುಳಿನಂತೆ ಕುಗ್ಗಿದುದು. ಒಂದರಲ್ಲಿ ಅಕ್ಕಿಕಾಳಿನಷ್ಟರ ಗುಳ್ಳೆಗಳು ತುಂಬಿದ್ದವು. ಅವು ಲಾಡಿಹುಳುವಿನ ಮರಿಗಳಂತೆ. ಮಲಿನವಾದ ನೀರಿನಿಂದಲೂ ತೊಳೆಯದ ಸೊಪ್ಪುತರಕಾರಿಯಿಂದಲೂ ಮೊಟ್ಟೆಗಳು ಹೊಟ್ಟೆಯನ್ನು ಸೇರಿ, ರಕ್ತದ ಮೂಲಕ ಮಿದುಳಿಗೆ ಹೋಗಿ, ಮೂರ್ಛೆರೋಗವನ್ನು ತರುವುವು. ಮಾಂಸವನ್ನು ಮುಟ್ಟದವರಿಗೂ ಇದು ತಪ್ಪಿದ್ದಲ್ಲ. ಗೃಹಿಣಿಯರು ಇದೊಂದು ಗಾಜಿನ ಪಾತ್ರೆಯನ್ನು ನೋಡಿದರೆ ಸಾಕು, ಕೊತ್ತಂಬರಿಯನ್ನು ಮೂರು ನೀರಿನಲ್ಲಿ ತೊಳೆಯದೆ ಬಿಡಲಾರರು.

ಮಾರ್ಗದರ್ಶಿಯಾಗಿದ್ದವರು ಒಂದು ಮಿದುಳನ್ನು ಹೊರತೆಗೆದು, ಕೈಚೀಲ ತೊಡಿಸಿ, ಹುಡುಗಿಯ ಕೈಯಲ್ಲಿಟ್ಟರು. ಅವಳು ಎಳೆಯ ಮಗುವನ್ನು ಎತ್ತಿಕೊಳ್ಳುವಂತೆ ಎರಡು ಕೈಗಳಿಂದಲೂ ಹಿಡಿದಳು. ಅನಂತರ ನನ್ನ ಕಡೆಗೆ ನೀಡಿದಳು. ಮಡಿಯ ಮನೆಯಲ್ಲಿ ಬೆಳೆದ ನನ್ನ ಕೈ ಒಂದು ಕ್ಷಣ ಹಿಂಜರಿಯಿತೆಂದು ಮರೆಮಾಚದೆ ಹೇಳುತ್ತೇನೆ. ಆಮೇಲೆ ತೆಗೆದುಕೊಂಡೆನು. ತೂಕ ಸುಮಾರು 1,300 ಗ್ರಾಂ. ಜೀವವಿರುವಾಗ ಗಿಣ್ಣಿನಂತೆ ಮೆತ್ತಗಿರುವುದಂತೆ; ದ್ರವದಿಂದ ಗಟ್ಟಿಯಾಗಿದ್ದಿತು. ಇದರಲ್ಲಿ ಸುಮಾರು 8,600 ಕೋಟಿ ನರಕೋಶಗಳು. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಾಗಿರುವ ಇದು ದೇಹದ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಪಾಲನ್ನು ತಾನೇ ತಿನ್ನುವುದು. ಯಾರೋ ಒಬ್ಬರು ತಮ್ಮ ತಾಯಿಯನ್ನು ಗುರುತಿಸಿದುದು, ಮಗ್ಗಿ ಕಲಿತುದು, ಕೋಪಿಸಿಕೊಂಡುದು, ಎಲ್ಲವೂ ಇದರಿಂದ. ನನ್ನ ಕೈ ಸ್ವಲ್ಪ ನಡುಗಿತು.

ಆಗ ಹುಡುಗಿ ತನ್ನ ತಾತನ ಪ್ರಶ್ನೆಯನ್ನು ಕೇಳಿದಳು. ಮಾರ್ಗದರ್ಶಿಯು ಎಡಭಾಗದ ಮುಂದಣ ಮಡಿಕೆಯೊಂದನ್ನು ಬೆರಳಿನಿಂದ ತೋರಿಸಿದರು. 1861ರಲ್ಲಿ ಪ್ಯಾರಿಸಿನ ಬ್ರೋಕಾ ಎಂಬ ವೈದ್ಯನು ಒಬ್ಬ ರೋಗಿಯನ್ನು ನೋಡಿದನು. ಅವನ ಬಾಯಿಂದ "ತಾನ್" ಎಂಬುದರ ವಿನಾ ಬೇರೆ ಮಾತು ಬರುತ್ತಿರಲಿಲ್ಲ. ಅವನು ತೀರಿಕೊಂಡ ಮೇಲೆ ಮಿದುಳನ್ನು ನೋಡಿದರೆ ಇದೇ ಸ್ಥಳವು ಹಾಳಾಗಿದ್ದಿತು. ಹೊಸದಾಗಿ ಮಾತನ್ನು ಹೊಂದಿಸಿ ಆಡುವುದು ಬಹುಜನರಲ್ಲಿ ಎಡಭಾಗದ ಕೆಲಸ. ರಾಗಕ್ಕೂ ಬಾಲ್ಯದಿಂದ ರೂಢಿಯಾದ ಪಾಠಕ್ಕೂ ಬಲಭಾಗವೇ ಮೊದಲಾದ ಬೇರೆ ಸ್ಥಳಗಳೂ ನೆರವಾಗುವುವು. ಆದುದರಿಂದಲೇ ಮಾತು ಹೋದವರಲ್ಲಿ ಕೆಲವರು ಹಾಡಬಲ್ಲರು. ಹಾಡಿನ ಮೂಲಕವೇ ಮಾತನ್ನು ಮರಳಿ ಕಲಿಸುವ ಚಿಕಿತ್ಸಾಕ್ರಮವೂ ಉಂಟು. ಇದನ್ನು ಕೇಳಿ ಹುಡುಗಿಯ ಮುಖವರಳಿತು. "ಹಾಗಾದರೆ 'ನೀರು ಕೊಡು' ಎಂಬುದನ್ನು ರಾಗದಲ್ಲಿ ಕಲಿಸಿದರೆ?" ಎಂದಳು. ಅವರು, "ಪ್ರಯತ್ನಿಸಿ ನೋಡಬಹುದು, ಆದರೆ ಇದಕ್ಕಾಗಿಯೇ ಶಿಕ್ಷಣ ಪಡೆದವರ ಸಲಹೆಯಂತೆ ಮಾಡಬೇಕು" ಎಂದರು.

ಅಲ್ಲಿಂದ ಹೊರಡುವ ಮುಂಚೆ ಅವರು ಮೂರ್ಛೆರೋಗದ ಬಗೆಗಳನ್ನು ವಿವರಿಸುತ್ತಿದ್ದರು. ಬಿದ್ದು ಒದ್ದಾಡುವುದೊಂದೇ ಮೂರ್ಛೆಯಲ್ಲ. ಕೆಲವು ಮಕ್ಕಳು ಬೀಳುವುದಿಲ್ಲ, ನಡುಗುವುದಿಲ್ಲ. ಮಾಡುತ್ತಿದ್ದ ಕೆಲಸವನ್ನು ನಿಲ್ಲಿಸಿ, ಕೆಲವು ಸೆಕೆಂಡುಗಳ ಕಾಲ ಶೂನ್ಯದೃಷ್ಟಿಯಿಂದ ನೋಡುತ್ತಿದ್ದು, ಮರಳಿ ಏನೂ ಆಗದವರಂತೆ ಇರುವರು. ದಿನಕ್ಕೆ ಹತ್ತಾರು ಸಲ ಹೀಗಾಗಬಹುದು. ನಡುವೆ ಹೇಳಿದ ಪಾಠ ಅವರ ಪಾಲಿಗೆ ಇಲ್ಲವೇ ಇಲ್ಲ. ತಲೆಯ ಮೇಲೆ ತಂತಿಗಳನ್ನಿಟ್ಟು ಮಿದುಳಿನ ವಿದ್ಯುತ್ತರಂಗಗಳನ್ನು ಬರೆಯಿಸಿದರೆ ರೋಗವು ಸ್ಪಷ್ಟವಾಗಿ ತೋರುವುದು. ಹ್ಯಾನ್ಸ್ ಬರ್ಗರ್ ಎಂಬ ಜರ್ಮನ್ ವೈದ್ಯನು 1924ರಲ್ಲಿ ಮನುಷ್ಯರಲ್ಲಿ ಮೊದಲ ಬಾರಿಗೆ ಈ ತರಂಗಗಳನ್ನು ಗುರುತಿಸಿ ಬರೆಯಿಸಿದನು. ಮಾತ್ರೆಗಳಿಂದ ಬಹುಮಂದಿ ಮಕ್ಕಳಿಗೆ ಗುಣವಾಗುವುದು. "ಮೇಷ್ಟ್ರುಗಳು ಇವರನ್ನು ಗಮನವಿಲ್ಲದವರು, ಸೋಮಾರಿಗಳು ಎಂದುಕೊಳ್ಳುತ್ತಾರೆ" ಎಂದು ಅವರು ಸಹಜವಾಗಿ ಹೇಳಿದರು.

ನಾನು ಹತ್ತಿರದಲ್ಲಿದ್ದ ಬೆಂಚಿನ ಮೇಲೆ ಕುಳಿತೆನು.

ಮೂವತ್ತು ವರ್ಷಗಳ ಹಿಂದಿನ ಮಾತು. ನನ್ನ ತರಗತಿಯಲ್ಲಿ ಮೂರನೆಯ ಸಾಲಿನ ಕೊನೆಯಲ್ಲಿ ಒಬ್ಬ ಹುಡುಗನಿದ್ದನು. ಶಬ್ದರೂಪಗಳನ್ನು ಹೇಳುತ್ತ ಹೇಳುತ್ತ ದ್ವಿತೀಯೆಗೆ ಬಂದು ನಿಂತುಬಿಡುವನು. ಕಿಟಕಿಯ ಕಡೆಗೆ ನೋಡುವನು. ಆಮೇಲೆ ಚತುರ್ಥಿಯಿಂದ ಮುಂದುವರಿಸುವನು. ತರಗತಿಯೆಲ್ಲ ನಗುವುದು. ಅವನು ಬೇಕೆಂದೇ ನನ್ನನ್ನು ಹಾಸ್ಯಮಾಡುತ್ತಿರುವನೆಂದು ತಿಳಿದು, ನಾನು ಬೆತ್ತವನ್ನು ತೆಗೆದೆನು. ಒಂದು ದಿನವಲ್ಲ, ಅನೇಕ ದಿನ. ಆ ವರ್ಷದ ಕೊನೆಗೆ ಅವನು ಶಾಲೆಯನ್ನು ಬಿಟ್ಟನು. ಅಪಸ್ಮಾರವೆಂದರೆ ಸ್ಮೃತಿಯ ಅಪಗಮವೆಂದು ಅದೇ ಹಲಗೆಯ ಮೇಲೆ ವ್ಯುತ್ಪತ್ತಿ ಬರೆದು ತೋರಿಸಿದವನು ನಾನೇ. ಪದವು ಗೊತ್ತಿದ್ದಿತು; ಪದಾರ್ಥವು ಕಣ್ಣೆದುರಿಗೆ ಕುಳಿತಿದ್ದಾಗ ಗುರುತು ಸಿಕ್ಕಲಿಲ್ಲ. ಅವನಿಗೆ ಇದೇ ರೋಗವಿದ್ದಿತೆಂದು ಈಗ ನಿಶ್ಚಯವಾಗಿ ಹೇಳಲು ನನಗೆ ಅಧಿಕಾರವಿಲ್ಲ; ಆದರೆ ಲಕ್ಷಣಗಳೆಲ್ಲ ಒಪ್ಪುತ್ತವೆ. ಹುಡುಗಿ "ಏಕೆ ಚಿಕ್ಕತಾತ, ಸುಸ್ತಾಯಿತೇ?" ಎಂದು ನೀರು ಕೊಟ್ಟಳು. ಹೌದೆಂದೆನು.

ಮಧ್ಯಾಹ್ನ ಬುತ್ತಿಯನ್ನುಂಡು, ಬಂದ ದಾರಿಯಲ್ಲಿಯೇ ಯಶವಂತಪುರದ ಕಡೆಗೆ ಹಿಂದಿರುಗಿ, ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋದೆವು. ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ಮೈಸೂರು ಸರ್ಕಾರವು ಕೊಟ್ಟ ಭೂಮಿಯಲ್ಲಿ 1909ರಲ್ಲಿ ಹುಟ್ಟಿದ ಸಂಸ್ಥೆಯಿದು. ಶತಮಾನಕಾಲ ಉನ್ನತ ಸಂಶೋಧನೆಯನ್ನೇ ನಡೆಯಿಸಿ, 2011ರಲ್ಲಿ ಎಳೆಯ ವಿದ್ಯಾರ್ಥಿಗಳಿಗಾಗಿ ನಾಲ್ಕು ವರ್ಷಗಳ ಪದವಿತರಗತಿಯನ್ನು ತೆರೆಯಿತು. ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಪರಿಚಯದಿಂದ, ಅಲ್ಲಿ ಮೂರನೆಯ ವರ್ಷದಲ್ಲಿ ಓದುತ್ತಿದ್ದ ನಮ್ಮ ಸೀಮೆಯ ಒಬ್ಬ ಹೆಣ್ಣುಮಗಳು ನಮ್ಮನ್ನು ಬಾಗಿಲಿನಿಂದ ಕರೆದುಕೊಂಡು ಹೋದಳು. ದೊಡ್ಡ ಮರಗಳ ನೆರಳಿನ ರಸ್ತೆ. ಗೋಪುರವುಳ್ಳ ಕಲ್ಲಿನ ಕಟ್ಟಡ. ಅದರ ಮುಂದೆ ಟಾಟಾರವರ ಪ್ರತಿಮೆ.

ಆ ಹೆಣ್ಣುಮಗಳು ಮುಚ್ಚುಮರೆಯಿಲ್ಲದೆ ಹೇಳಿದಳು. "ಮಿದುಳನ್ನು ಓದಬೇಕೆಂದು ಬಂದವರಿಗೆ ಮೊದಲು ಮಿದುಳೇ ಕಾಣುವುದಿಲ್ಲ, ಸಾರ್. ಗಣಿತ, ಭೌತಶಾಸ್ತ್ರ, ರಸಾಯನ, ಜೀವಶಾಸ್ತ್ರ, ಗಣಕಯಂತ್ರಕ್ಕೆ ಲೆಕ್ಕ ಬರೆಯುವುದು, ಇವೆಲ್ಲವನ್ನೂ ಎಲ್ಲರೂ ಓದಲೇಬೇಕು. ಜೀವಶಾಸ್ತ್ರವನ್ನು ಮುಖ್ಯವಾಗಿ ಆರಿಸಿಕೊಂಡ ಮೇಲೆ ನರವಿಜ್ಞಾನದ ಪಾಠಗಳು. ಕೊನೆಯ ವರ್ಷ ಪ್ರಯೋಗಶಾಲೆಯಲ್ಲಿ ಸ್ವಂತ ಸಂಶೋಧನೆ." ನರವಿಜ್ಞಾನವೆಂಬ ಹೆಸರನ್ನೇ ಹೊತ್ತ ಪ್ರಥಮ ಪದವಿಯು ನಮ್ಮ ದೇಶದಲ್ಲಿ ಅಪರೂಪ, ಜೀವಶಾಸ್ತ್ರ, ಮನಶ್ಶಾಸ್ತ್ರ, ಭೌತಶಾಸ್ತ್ರ, ಇಂಜಿನಿಯರಿಂಗು, ವೈದ್ಯ, ಯಾವ ಬಾಗಿಲಿನಿಂದಲಾದರೂ ಒಳಗೆ ಬರಬಹುದೆಂದೂ, ಗಣಿತಕ್ಕೆ ಹೆದರುವವರು ಮಾತ್ರ ಕಷ್ಟಪಡುವರೆಂದೂ ತಿಳಿಸಿದಳು.

ನರದಲ್ಲಿ ಹರಿಯುವುದು ಏನೆಂದು ನಾನು ಕೇಳಿದೆನು. "ಉಪ್ಪು, ಸಾರ್" ಎಂದಳು. ನಾನು ಬೆರಗಾದೆನು. ಉಪ್ಪಿನಲ್ಲಿರುವ ಸೋಡಿಯಂ ಎಂಬ ಧಾತುವಿನ ವಿದ್ಯುತ್ಕಣಗಳು ನರದ ಹೊರಗೆ ಹೆಚ್ಚಾಗಿರುವುವು. ಪೊಟ್ಯಾಸಿಯಂ ಕಣಗಳು ಒಳಗೆ ಹೆಚ್ಚು. ಸಂದೇಶ ಬಂದಾಗ ನರದ ಪೊರೆಯಲ್ಲಿರುವ ಸೂಕ್ಷ್ಮದ್ವಾರಗಳು ತೆರೆದು ಸೋಡಿಯಂ ಒಳನುಗ್ಗುವುದು; ಒಂದು ದ್ವಾರದ ಸದ್ದಿಗೆ ಪಕ್ಕದ್ದು ತೆರೆಯುವುದು; ಹೀಗೆ ಸಂದೇಶವು ಬೆಂಕಿ ಹತ್ತಿದ ಬತ್ತಿಯಂತೆ ಮುಂದೆ ಮುಂದೆ ಓಡುವುದು. ಅತಿ ಶೀಘ್ರವಾದ ನರಗಳಲ್ಲಿ ವೇಗವು ಸೆಕೆಂಡಿಗೆ ಸುಮಾರು 100 ಮೀಟರು. ಹಾಜ್ಕಿನ್, ಹಕ್ಸ್‌ಲಿ ಎಂಬಿಬ್ಬರು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪನಾದ ನರತಂತುವಿನಲ್ಲಿ ಇದನ್ನು ಅಳೆದು 1952ರಲ್ಲಿ ಗಣಿತರೂಪದಲ್ಲಿ ಬರೆದರು. "ನಾವು ಉಪ್ಪಾರಹಳ್ಳಿಯವರು, ಹಾಗಾದರೆ ಇದು ನಮ್ಮೂರ ವಿದ್ಯೆಯೇ" ಎಂದೆನು. ಇಬ್ಬರು ಹೆಣ್ಣುಮಕ್ಕಳೂ ನಕ್ಕರು. ಆ ದಿನ ನಾನು ನಕ್ಕುದು ಅದೊಂದೇ ಸಲ.

ಅಲ್ಲಿನ ನರವಿಜ್ಞಾನ ವಿಭಾಗದಲ್ಲಿ ಅವಧಾನವನ್ನೂ ಪರೀಕ್ಷಿಸುವರು. ತೆರೆಯ ಮೇಲೆ ಎರಡು ಕಡೆ ಚಿತ್ರಗಳು ಮೂಡುವಾಗ ಒಂದರ ಕಡೆಗೆ ಮನಸ್ಸಿಟ್ಟರೆ ಮತ್ತೊಂದು ಏಕೆ ತಪ್ಪಿಹೋಗುವುದೆಂದು ನೋಡುವರು. ಮನಸ್ಸು ಅಣುವಾದುದರಿಂದ ಏಕಕಾಲದಲ್ಲಿ ಎರಡು ಜ್ಞಾನಗಳು ಹುಟ್ಟಲಾರವೆಂದು ನೈಯಾಯಿಕರು ಹೇಳಿದುದನ್ನು ನಾನು ಸಂಭ್ರಮದಿಂದ ಹೇಳಿದೆನು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರದಲ್ಲಿ 21 ಮಂದಿ ವೇದಪಂಡಿತರ ಮಿದುಳಿನ ಚಿತ್ರ ತೆಗೆದು, ಸ್ಮೃತಿಗೂ ಭಾಷೆಗೂ ಸಂಬಂಧಪಟ್ಟ ಕೆಲವು ಭಾಗಗಳಲ್ಲಿ ಇತರರಿಗಿಂತ ವ್ಯತ್ಯಾಸವನ್ನು ಕಂಡರೆಂದೂ, ಅದು 2016ರಲ್ಲಿ ಅಚ್ಚಾಯಿತೆಂದೂ ಆಕೆ ತಿಳಿಸಿದಳು. ನಾನು ಇನ್ನೂ ಉಬ್ಬಿದೆನು. ಆಗ ಅವಳು ಮೆಲ್ಲಗೆ, "ಅಧ್ಯಯನದಿಂದ ಮಿದುಳು ಹಾಗಾಯಿತೋ, ಹಾಗಿದ್ದವರೇ ಅಧ್ಯಯನದಲ್ಲಿ ಉಳಿದರೋ, ಆ ಒಂದು ಪರೀಕ್ಷೆಯಿಂದ ಹೇಳಲಾಗದು, ಸಾರ್" ಎಂದಳು. ಹೀಗೆ ತನಗೆ ಪ್ರಿಯವಾದ ಮಾತನ್ನೂ ಅನುಮಾನಿಸುವುದನ್ನು ಕಲಿಸುವ ವಿದ್ಯೆಯು ಒಳ್ಳೆಯ ವಿದ್ಯೆಯೆಂದು ನನಗೆ ಅಲ್ಲಿಯೇ ನಿಶ್ಚಯವಾಯಿತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ನಲವತ್ತೈದು ದಾಟಿದವರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತ, ಮುಪ್ಪಿನ ಮರೆವು ಹೇಗೆ ಬರುವುದೆಂದು ತಿಳಿಯುವ ಕಾರ್ಯವೂ ಈ ಆವರಣದ ಮಿದುಳು ಸಂಶೋಧನ ಕೇಂದ್ರದಿಂದ ನಡೆಯುತ್ತಿದೆ.

ಅವಳ ತಂದೆಯ ಪ್ರಶ್ನೆಯನ್ನು ನಾನು ಮರೆಯಲಿಲ್ಲ. ಉತ್ತರವು ಪೂರ್ಣ ಸಮಾಧಾನಕರವಲ್ಲ. ಪ್ರವೇಶಕ್ಕೆ ಅಖಿಲ ಭಾರತದ ಪರೀಕ್ಷೆ, ಸ್ಥಳಗಳು ಕೆಲವೇ. ಶುಲ್ಕವು ಖಾಸಗಿ ವೈದ್ಯಕಾಲೇಜುಗಳ ಮುಂದೆ ಅತ್ಯಲ್ಪ. ಆದರೆ ಪದವಿಯಾದ ಕೂಡಲೇ ಕೈತುಂಬ ಸಂಬಳದ ಕೆಲಸ ಕಾದಿರುವುದಿಲ್ಲ. ಮುಂದೆ ಡಾಕ್ಟರೇಟಿಗೆ ಇನ್ನೂ ಐದಾರು ವರ್ಷ ಬೇಕು. ತಿಂಗಳುಗಟ್ಟಲೆ ಮಾಡಿದ ಪ್ರಯೋಗವು ಕೆಟ್ಟುಹೋಗುವುದೂ ಉಂಟು. "ಅತ್ತು ಮಲಗಿ, ಬೆಳಗ್ಗೆ ಎದ್ದು ಮತ್ತೆ ಮಾಡುತ್ತೇವೆ" ಎಂದಳು ಆ ಹೆಣ್ಣುಮಗಳು.

ಕತ್ತಲಾಗುವ ಹೊತ್ತಿಗೆ ತುಮಕೂರಿನಲ್ಲಿ ಇಳಿದೆವು. ಮನೆಯ ಜಗಲಿಯ ಮೇಲೆ ಅಣ್ಣನು ಕಾಯುತ್ತಿದ್ದನು. ಹುಡುಗಿ ಚಪ್ಪಲಿಯನ್ನೂ ಬಿಚ್ಚದೆ ಅವನ ಎಡಗೈಯನ್ನು ಹಿಡಿದು, ತಾಳ ಹಾಕುತ್ತ, ಸ್ತೋತ್ರದ ಧಾಟಿಯಲ್ಲಿಯೇ "ನೀರು ಕೊಡು" ಎಂದು ಹಾಡಿದಳು. ಅಣ್ಣನು ಅವಳ ಬಾಯನ್ನೇ ನೋಡಿದನು. ಹತ್ತು ಸಲ, ಹದಿನೈದು ಸಲ. ಆ ರಾತ್ರಿ ಅವನು "ನೀ" ಎಂದನು; ಅಷ್ಟೇ. ಮರುವಾರ ಮಾತಿನ ಚಿಕಿತ್ಸೆಯವರ ಬಳಿಗೆ ಕರೆದುಕೊಂಡು ಹೋಗುವುದನ್ನು ಪ್ರಾರಂಭಿಸಿದೆವು. ಈ ಲೇಖನ ಬರೆಯುವ ಹೊತ್ತಿಗೆ "ನೀರು" ಬಂದಿದೆ; "ಕೊಡು" ಇನ್ನೂ ಬಂದಿಲ್ಲ.

ಅವಳ ತಂದೆಗೆ ನಾನು ಹೇಳಿದುದು ಇಷ್ಟು: "ಪರೀಕ್ಷೆ ಬರೆಯಲಿ. ಅಲ್ಲಿ ಸ್ಥಳ ಸಿಕ್ಕಿದರೆ ಕಳುಹಿಸು. ಸಿಕ್ಕದಿದ್ದರೆ ಇಲ್ಲಿಯೇ ತುಮಕೂರಿನಲ್ಲಿ ವಿಜ್ಞಾನದ ಪದವಿ ಓದಲಿ. ದಾರಿ ಉದ್ದವಾಗುವುದು, ಮುಚ್ಚುವುದಿಲ್ಲ. ಐದಾರು ವರ್ಷ ಅವಳ ಸಂಬಳವನ್ನು ನೀನು ನೋಡುವಂತಿಲ್ಲ. ನನ್ನ ಪಿಂಚಣಿಯಲ್ಲಿ ಒಂದು ಪಾಲು ಅವಳದು." ಅವನು ಬಹಳ ಹೊತ್ತು ಸುಮ್ಮನಿದ್ದು, "ಆಗಲಿ ಚಿಕ್ಕಪ್ಪ" ಎಂದನು. ಪಿಂಚಣಿಯ ಪಾಲನ್ನು ಏಕೆ ಕೊಡುವೆನೆಂದು ಅವನು ಕೇಳಲಿಲ್ಲ. ಕೇಳಿದ್ದರೆ ಮೂರನೆಯ ಸಾಲಿನ ಹುಡುಗನ ವಿಷಯವನ್ನು ಹೇಳಬೇಕಾಗುತ್ತಿದ್ದಿತು.

ಅವನು ಈಗ ಎಲ್ಲಿರುವನೋ ತಿಳಿಯದು, ನಲವತ್ತನ್ನು ದಾಟಿರಬೇಕು. ಅವನ ಅಥವಾ ಅವನ ಮನೆಯವರ ಕಣ್ಣಿಗೆ ಈ ಪತ್ರಿಕೆ ಬಿದ್ದರೆ, ಒಬ್ಬ ಮುದುಕ ಮೇಷ್ಟ್ರು ಕ್ಷಮೆ ಬೇಡುತ್ತಿರುವನೆಂದು ತಿಳಿಯಬೇಕು. ಉಪಾಧ್ಯಾಯರೂ ತಾಯಿತಂದೆಗಳೂ ಆಗಿರುವ ವಾಚಕರಲ್ಲಿ ನನ್ನದೊಂದೇ ಬಿನ್ನಹ: ಪಾಠದ ನಡುವೆ ಮತ್ತೆ ಮತ್ತೆ ಕಿಟಕಿಯ ಕಡೆಗೆ ನೋಡಿ ನಿಲ್ಲುವ ಮಗುವಿದ್ದರೆ, ಕೈ ಎತ್ತುವ ಮುನ್ನ ಅದರ ಕಣ್ಣನ್ನು ನೋಡಿರಿ, ಅನಂತರ ವೈದ್ಯರಿಗೆ ತೋರಿಸಿರಿ.